ಗಿಣ್ಣಿನ ಅಂದಾಜು ಬೆಲೆ

ಬಂಗಾರಪೇಟೆ ತಾಲ್ಲೂಕು
ಮಂಗಳವಾರ, 10 ಫೆಬ್ರವರಿ 2026

ಊರಿಗಾಮಿನ ಸುಮಿತಾ ಮೇಡಂ ಅವರಿಗೆ,

ಹಾಲಿನ ಡೇರಿ ಹಿಂದಿನ ಬೀದಿ ಅಶ್ವತ್ಥಮ್ಮನ ನಮಸ್ಕಾರಗಳು. ನಾವೆಲ್ಲಾ ಕ್ಷೇಮ, ನೀವೂ ಕ್ಷೇಮವೆಂದು ನಂಬಿದ್ದೇನೆ ಅಂತ ಬರೆಯೋಣ ಎಂದು ಕೂತೆ, ಕೈ ಓಡಲಿಲ್ಲ. ನನ್ನ ದೆಸೆಯಿಂದ ಸಸ್ಪೆಂಡ್ ಆಗಿ ಮನೆಯಲ್ಲಿ ಕೂತಿರುವವರನ್ನು ಕ್ಷೇಮವಾ ಅಂತ ಯಾವ ಬಾಯಲ್ಲಿ ಕೇಳಲಿ? ಅದಕ್ಕೇ ಆ ಸಾಲು ಬಿಟ್ಟುಬಿಟ್ಟೆ.

ವಿಚಾರಣೆ ನಡೆಯುವಾಗ ಫೋನ್ ಮಾಡಬೇಡಿ ಅಮ್ಮ, ಸಾಕ್ಷಿಗೆ ನಾನೇ ಹೇಳಿಕೊಟ್ಟೆ ಅಂತಾರೆ ಎಂದು ನೀವು ಹೇಳಿದ್ದಿರಿ. ಒಂದು ತಿಂಗಳಿಂದ ಬಾಯಿಗೆ ಬೀಗ ಹಾಕಿಕೊಂಡಿದ್ದೆ. ನನ್ನಂಥ ಬಾಯಿಬಡಕಿಗೆ ಅದೆಷ್ಟು ಕಷ್ಟ ಅಂತ ನಮ್ಮ ಡೇರಿಯವರನ್ನು ಕೇಳಿ. ನಿನ್ನೆ ಸೋಮವಾರ ನನ್ನ ಹೇಳಿಕೆ ಆಯಿತು, ಸಹಿಯನ್ನೂ ಹಾಕಿ ಬಂದೆ. ಅದಕ್ಕೇ ಇವತ್ತು ಧೈರ್ಯ ಮಾಡಿ ಕಾಗದ ಬರೆಯುತ್ತಿದ್ದೇನೆ. ಆಂಡರ್ಸನ್‌ಪೇಟೆಯ ಸೋದರತ್ತೆ ಮನೆಯಲ್ಲಿದ್ದು ಎಂಟನೇ ಕ್ಲಾಸು ಓದಿದವಳು ನಾನು, ತಪ್ಪಿದ್ದರೆ ತಿದ್ದಿಕೊಂಡು ಓದಿ.

ಮೊದಲು ಹೇಳಬೇಕಾದ್ದು ಹೇಳಿಬಿಡುತ್ತೇನೆ. ನಮ್ಮ ಹೊಲ ನನ್ನ ಹೆಸರಿಗೆ ಮಾಡಿಕೊಟ್ಟಿರಲ್ಲ ತಾಯಿ, ನಿಮ್ಮ ಹೊಟ್ಟೆ ತಣ್ಣಗಿರಲಿ. ಮಾವ ಸತ್ತು ಹದಿಮೂರು ವರ್ಷ, ನಮ್ಮ ಯಜಮಾನರು ಹೋಗಿ ಆರು ವರ್ಷ. ಪಹಣಿಯಲ್ಲಿ ಮಾತ್ರ ಮಾವ ಗಟ್ಟಿಮುಟ್ಟಾಗಿ ಬದುಕಿದ್ದರು. ಸತ್ತವರ ಹೆಸರು ತೆಗೆದು ಪೌತಿ ಖಾತೆ ಮಾಡಿಕೊಡಿ ಅಂತ ನಾನು ಕಂದಾಯದ ಆಫೀಸಿಗೆ ಅಲೆದದ್ದು ಒಂದಾ ಎರಡಾ! ಮರಣಪತ್ರ ತಂದರೆ ವಂಶವೃಕ್ಷ ಎಲ್ಲಿ ಅನ್ನೋರು. ವಂಶವೃಕ್ಷ ತಂದರೆ ಮರಣಪತ್ರ ಹಳೇದಾಯಿತು, ಹೊಸದು ತಾ ಅನ್ನೋರು. ಸತ್ತವರು ಮತ್ತೆ ಹೊಸದಾಗಿ ಸಾಯ್ತಾರಾ ಸ್ವಾಮಿ ಅಂತ ಒಂದು ಸಲ ಕೇಳಿಯೇಬಿಟ್ಟೆ. ಆವತ್ತು ನನ್ನ ಕಾಗದಗಳು ಮೆಟ್ಟಿಲ ಮೇಲೆ ಬಿದ್ದವು. ಇದೆಲ್ಲಾ ನೀವು ನಮ್ಮ ಊರಿಗೆ ಗ್ರಾಮಲೆಕ್ಕಿಗರಾಗಿ, ವಿಎ ಮೇಡಂ ಆಗಿ ಬರುವುದಕ್ಕೆ ಮುಂಚಿನ ಮಾತು.

ಆ ಆಫೀಸಿನ ಗೋಡೆಯ ಮೇಲೆ, ಲಂಚ ಕೇಳಿದರೆ ಈ ನಂಬರಿಗೆ ತಿಳಿಸಿ ಅಂತ ದೊಡ್ಡ ಬೋರ್ಡೇನೋ ಇತ್ತು. ಅದಕ್ಕೆ ಅಡ್ಡವಾಗಿ ಒಂದು ಕಬ್ಬಿಣದ ಬೀರು ತಂದು ನಿಲ್ಲಿಸಿದ್ದರು. ನಂಬರಿನ ಕೊನೆಯ ನಾಲ್ಕು ಅಂಕಿ ಬೀರುವಿನ ಹಿಂದೆ. ನೀವು ಬಂದ ವಾರದಲ್ಲೇ ಜವಾನನ ಜೊತೆ ನೀವೂ ಕೈ ಹಚ್ಚಿ ಆ ಬೀರು ಸರಿಸಿದಿರಿ. ಸರದಿಯಲ್ಲಿ ನಿಂತಿದ್ದ ನಾವೆಲ್ಲಾ, ಈ ಹುಡುಗಿ ಎಷ್ಟು ದಿನ ಇರ್ತಾಳೋ ನೋಡಾಣ ಅಂತ ಮಾತಾಡಿಕೊಂಡೆವು. ಹಾಗೆ ಅಂದವರಲ್ಲಿ ನಾನೇ ಮೊದಲು.

ಆಮೇಲೆ ಸರ್ಕಾರದವರೇ ಮನೆಬಾಗಿಲಿಗೆ ಬಂದು ಪೌತಿ ಖಾತೆ ಮಾಡಿಕೊಡುತ್ತಾರೆ ಅಂತ ಊರಲ್ಲಿ ಆಟೋಗೆ ಮೈಕು ಕಟ್ಟಿ ಕೂಗಿಸಿದರು. ನೀವು ಸ್ಕೂಟರಿನಲ್ಲಿ ಬಂದು ನಮ್ಮ ಜಗಲಿ ಮೇಲೆ ಕೂತಿರಿ. ಓಟಿಪಿ ಬಂದಿದೆ ಹೇಳಿ ಅಮ್ಮ ಅಂದಿರಿ. ನಾನು ಫೋನನ್ನು ಸೆರಗಿನಲ್ಲಿ ಮುಚ್ಚಿಕೊಂಡೆ. ದೇವರು ಬಂದು ಕೇಳಿದರೂ ಓಟಿಪಿ ಕೊಡಬೇಡಿ ಅಂತ ಬ್ಯಾಂಕಿನವರು ಡೇರಿ ಮೀಟಿಂಗಿನಲ್ಲಿ ಹೇಳಿ ಹೋಗಿದ್ದರಲ್ಲ! ಮೂರು ಸಲ ಬಂತು, ಮೂರು ಸಲವೂ ಟೈಮು ಮುಗಿಯಿತು. ಬೇರೆ ಯಾರಾದರೂ ಆಗಿದ್ದರೆ ಉಗಿದು ಎದ್ದು ಹೋಗಿರೋರು. ನೀವು ನಕ್ಕು, ನನಗೆ ಹೇಳಬೇಡಿ, ನೀವೇ ಒತ್ತಿ ಅಂತ ನಿಮ್ಮ ಫೋನನ್ನೇ ನನ್ನ ಕೈಗೆ ಕೊಟ್ಟಿರಿ. ಸಗಣಿ ಬಾಚಿದ ಕೈ ಅಂತ ಹಿಂದೆ ಮುಂದೆ ನೋಡಲಿಲ್ಲ. ಕಾಫಿ ಮಾಡಿದೆ, ಮುಟ್ಟಲಿಲ್ಲ. ಬಾಟ್ಲಿಯಲ್ಲಿ ತಂದಿದ್ದ ನೀರು ಕುಡಿದು ಹೊರಟಿರಿ. ಡಿಸೆಂಬರ್ ಹೊತ್ತಿಗೆ ಪಹಣಿಯಲ್ಲಿ ನನ್ನ ಹೆಸರು ಬಂತು. ಅಶ್ವತ್ಥಮ್ಮ ಕೋಂ ಅಂತ ಬರೆದು ಅದರ ಮುಂದೆ ನಮ್ಮ ಯಜಮಾನರ ಹೆಸರು. ಅವರ ಫೋಟೋ ಮುಂದೆ ಇಟ್ಟು ಚೆನ್ನಾಗಿ ಅತ್ತೆ.

ಆ ಸಂತೋಷ ಎರಡು ದಿನ ಇತ್ತು. ಮೂರನೇ ದಿನ ಭಯ ಹಿಡಿಯಿತು. ಇಷ್ಟು ವರ್ಷ ಆಗದ ಕೆಲಸ ಒಂದು ಲೋಟ ಕಾಫಿಯನ್ನೂ ಕುಡಿಯದೆ ಹೇಗಾಯಿತು? ಕಂಪ್ಯೂಟರಿನಲ್ಲಿ ಬಂದ ಹೆಸರು ಕಂಪ್ಯೂಟರಿನಲ್ಲೇ ಹೋದರೆ? ಅಷ್ಟರಲ್ಲಿ ಆಫೀಸಿನ ಎದುರು ಝೆರಾಕ್ಸ್ ಅಂಗಡಿ ಇಟ್ಟಿರುವ ಮುನಿರಾಜ ಬಂದ. ನಿಂಗೊಂದೂ ಗೊತ್ತಾಗಕ್ಕಿಲ್ಲ, ಮೇಡಂ ತಮ್ಮ ಕೈಯಾಗೆ ಈಸ್ಕೊಳ್ಳಕ್ಕಿಲ್ಲ, ನನ್ ಕೈಲಿ ಈಸ್ಕೊಂತಾರೆ, ಕೊಡ್ದಿದ್ರೆ ತಕರಾರು ಅಂತ ಬರ್ದು ಖಾತೆ ವಜಾ ಮಾಡ್ತಾರೆ ಅಂದ. ಊರಲ್ಲಿ ಬಚ್ಚಪ್ಪನೂ ಸೇರಿ ಐದು ಜನ ಆಗಲೇ ಕೊಟ್ಟಿದ್ದಾರೆ ಅಂತಲೂ ಹೇಳಿದ. ನಿಮ್ಮನ್ನು ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ. ಡೇರಿಯ ಎರಡು ಬಟವಾಡೆ ದುಡ್ಡು ಅವನ ಕೈಗಿಟ್ಟೆ. ಕೊಟ್ಟ ಮೇಲೆ ಎದೆ ಹಗುರವಾಯಿತು ಅಂದರೆ ನೀವು ನಂಬುತ್ತೀರೋ ಇಲ್ಲವೋ. ಬಿಟ್ಟಿ ಬಂದದ್ದಕ್ಕಿಂತ ಕೊಟ್ಟು ತಂದದ್ದೇ ನಮಗೆ ಗಟ್ಟಿ ಅನ್ನಿಸಿಬಿಟ್ಟಿದೆ ಮೇಡಂ, ಅಷ್ಟು ಕೆಟ್ಟಿದ್ದೇವೆ.

ಅದು ಭಾನುವಾರ. ಮಂಗಳವಾರ ಹಸು ಈಯಿತು. ಹೆಣ್ಣುಕರು. ನಮ್ಮ ಕಡೆ ಈದ ಹಸುವಿನ ಮೊದಲ ಹಾಲಿನ ಗಿಣ್ಣನ್ನು ಮಾರುವುದಿಲ್ಲ, ನಾವೇ ತಿಂದು ಮುಗಿಸುವುದೂ ಇಲ್ಲ. ನಮಗೆ ಒಳ್ಳೇದು ಮಾಡಿದ ಮನೆಗಳಿಗೆ ಕೊಟ್ಟು ಬರಬೇಕು. ನಿಮ್ಮನ್ನು ಬಿಟ್ಟು ಯಾರಿಗೆ ಕೊಡಲಿ? ಬೆಲ್ಲ, ಏಲಕ್ಕಿ ಹಾಕಿ ಬೇಯಿಸಿ, ಡಬರಿಗೆ ಬಟ್ಟೆ ಕಟ್ಟಿಕೊಂಡು, ಮಗಳು ಕಲ್ಪನಾಳನ್ನು ಕರೆದುಕೊಂಡು ಗುರುವಾರ ಹೊರಟೆ. ರಾಬರ್ಟ್‌ಸನ್‌ಪೇಟೆಯಲ್ಲಿ ಬಸ್ಸಿಳಿದು ಆಟೋ ಹಿಡಿದು, ಊರಿಗಾಮಿನ ಆ ಹಳೇ ಗಣಿ ಕಂಪನಿ ಮನೆಗಳ ಸಾಲಿನಲ್ಲಿ ನಾಲ್ಕು ಬಾಗಿಲು ತಟ್ಟಿ ಬೈಸಿಕೊಂಡು, ಐದನೇದು ನಿಮ್ಮದು ಸಿಕ್ಕಿತು.

ನೀವು ಬೇಡವೇ ಬೇಡ ಅಂದಿರಿ. ಎರಡು ಸಲ ಅಂದಿರಿ. ನೌಕರಿಯಲ್ಲಿರುವವರು ಹೀಗೆಲ್ಲಾ ತಗೊಳ್ಳಬಾರದು ಅಮ್ಮ ಅಂತ ಕೈ ಮುಗಿದಿರಿ. ನಾನು ಕೇಳುವವಳಾ? ಮೊದಲ ಗಿಣ್ಣು ಬಾಗಿಲಿಂದ ವಾಪಸ್ ಬಂದರೆ ಹಸು ಹಾಲು ಎಳೆದುಕೊಳ್ಳುತ್ತೆ, ನನ್ನ ಅನ್ನ ಹೋಗುತ್ತೆ ಅಂತ ನಿಮ್ಮ ಬಾಗಿಲಲ್ಲೇ ಅತ್ತುಬಿಟ್ಟೆ. ನಿಮ್ಮ ತಾಯಿ ಕಲಾ ಅವರು ಒಳಗಿಂದ ಬಂದು ಅರ್ಧ ತಮಿಳಿನಲ್ಲಿ, ಸೀಂಪಾಲ್ ಅಲ್ಲವಾ ಸುಮಿ, ಗಿಣ್ಣಿಗೆ ವೇಂಡಾಂ, ಬೇಡ ಅನ್ನಬಾರದು, ಆ ಅಕ್ಕನ ಮನಸ್ಸು ನೋಯಿಸಬೇಡ ಅಂದರು. ಆಗ ನೀವು ಡಬರಿ ಇಸಿದುಕೊಂಡು, ಅಲ್ಲೇ ನಿಂತು ಒಂದು ಚಮಚ ತಿಂದು, ಚೆನ್ನಾಗಿದೆ ಅಮ್ಮ ಅಂತ ನಕ್ಕಿರಿ. ನಿಮ್ಮ ತಾಯಿ ಡಬರಿಯನ್ನು ಬರಿದಾಗಿ ಕೊಡಬಾರದು ಅಂತ ಸಕ್ಕರೆ ಹಾಕಿ ಕೊಟ್ಟರು. ನಮ್ಮಲ್ಲೂ ಅದೇ ಪದ್ಧತಿ ಅಂತ ನನಗೆ ಎಷ್ಟು ಖುಷಿಯಾಯಿತು!

ಆ ಖುಷಿಯಲ್ಲೇ ಬಾಯಿ ಬಿಟ್ಟೆ. ಮುನಿರಾಜನ ಕೈಲಿ ಕಳಿಸಿದ್ದು ಸೇರಿತಲ್ಲವಾ ಮೇಡಂ ಅಂದೆ. ನೀವು ಏನು ಸೇರಿದ್ದು ಅಂತ ಕೇಳಿದಿರಿ. ನಾನು ಹೇಳಿದೆ. ಬಾಗಿಲ ಚೌಕಟ್ಟು ಹಿಡಿದುಕೊಂಡು, ಇನ್ನೂ ಯಾರ್ಯಾರು ಕೊಟ್ಟಿದ್ದಾರೆ ಅಮ್ಮ ಅಂತ ಕೇಳಿದಿರಿ. ನನ್ನ ಮೇಲೆ ಕೂಗಾಡಿದ್ದರೆ ವಾಸಿಯಿತ್ತು. ಕೂರಿಸಿ, ಮಗುವಿಗೆ ಹೇಳುವ ಹಾಗೆ ಹೇಳಿದಿರಿ: ಕೊಟ್ಟವರದ್ದೂ ತಪ್ಪೇ ಆಗುತ್ತೆ, ಆದರೆ ಹೆದರಿಸಿ ಈಸಿಕೊಂಡರು ಅಂತ ಏಳು ದಿನದೊಳಗೆ ದೂರು ಕೊಟ್ಟರೆ ಕಾನೂನು ನಿಮ್ಮನ್ನು ಕಾಪಾಡುತ್ತೆ. ಕೊಟ್ಟು ನಾಲ್ಕು ದಿನ ಆಗಿದೆ, ಇನ್ನು ಮೂರು ದಿನ ಇದೆ, ನಾಳೆಯೇ ಹೋಗಿ ಅಂದಿರಿ. ನಾನು ತಲೆ ಆಡಿಸಿ ಬಂದೆ.

ಆ ಮೂರು ದಿನ ನಾನು ಹಟ್ಟಿ ಬಿಟ್ಟು ಹೊರಗೆ ಬರಲಿಲ್ಲ. ಯಾಕೆ ಅಂತ ನಿಮಗೆ ಇವತ್ತಿನವರೆಗೂ ಹೇಳಿಲ್ಲ. ಮುನಿರಾಜ ಬರೀ ಝೆರಾಕ್ಸ್ ಅಂಗಡಿಯವನಲ್ಲ ಮೇಡಂ. ನನ್ನ ಒಡಹುಟ್ಟಿದ ತಮ್ಮ. ನಾನು ಸೊಂಟದಲ್ಲಿ ಎತ್ತಿ ಆಡಿಸಿದವನು. ನಮ್ಮ ಯಜಮಾನರು ಕೋಲಾರದ ಆಸ್ಪತ್ರೆಯಲ್ಲಿ ಹನ್ನೊಂದು ದಿನ ಮಲಗಿದ್ದಾಗ ಬಾಗಿಲಲ್ಲೇ ಕೂತಿದ್ದವನು ಅವನು. ಅವರು ಹೋದ ಮೇಲೆ, ಅಕ್ಕ ಕೂಲಿಗೆ ಓಗಬಾರ್ದು ಅಂತ ತನ್ನ ಬೈಕು ಮಾರಿ ಮೊದಲ ಹಸು ಕಟ್ಟಿಸಿದ. ಅಂಥವನು ಅಕ್ಕನ ಹತ್ತಿರವೇ ಸುಳ್ಳು ಹೇಳಿ ಈಸಿಕೊಂಡನಲ್ಲ ಅಂತ ಹೊಟ್ಟೆ ಉರಿಯಿತು. ಅಂಥವನ ಮೇಲೆ ನಾನೇ ಹೋಗಿ ದೂರು ಕೊಡಲಾ? ಉಪಕಾರ ನಿಮ್ಮದೂ ಇತ್ತು, ಅವನದೂ ಇತ್ತು. ನಾನು ತಮ್ಮನನ್ನು ಉಳಿಸಿಕೊಂಡೆ.

ನೀವು ಸುಮ್ಮನೆ ಕೂರಲಿಲ್ಲ. ನಿಮ್ಮ ಹೆಸರು ಹೇಳಿ ಹೊರಗೆ ವಸೂಲಿ ನಡೆಯುತ್ತಿದೆ ಅಂತ ನೀವೇ ಮೇಲಿನವರಿಗೆ ಬರೆದುಕೊಟ್ಟಿರಿ. ನಿಮ್ಮ ಕಾಗದ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗುವಷ್ಟರಲ್ಲಿ, ನೀವು ಡಬರಿ ಇಸಿದುಕೊಂಡು ನಗುವ ಅರ್ಧ ನಿಮಿಷದ ವಿಡಿಯೋ ಊರೂರು ತಿರುಗಿತು. ವಿಎ ಮೇಡಂ ಮನೆಯಲ್ಲೇ ಮಾಮೂಲಿ ಅಂತ ಅದರ ಮೇಲೆ ಕೆಂಪು ಅಕ್ಷರ ಬೇರೆ. ಯಾವ ಹಾಳಾದವರು ತೆಗೆದರೋ! ಅದರ ಹಿಂದೆಯೇ, ಮುನಿರಾಜನ ಮೂಲಕ ಮೇಡಂಗೆ ದುಡ್ಡು ಕೊಟ್ಟಿದ್ದೇವೆ ಅಂತ ಬಚ್ಚಪ್ಪನೂ ಉಳಿದ ನಾಲ್ವರೂ ಸಹಿ ಮಾಡಿ ಅರ್ಜಿ ಹಾಕಿದರು. ಜನವರಿ ಮೊದಲ ವಾರದಲ್ಲಿ ನಿಮ್ಮನ್ನು ಸಸ್ಪೆಂಡ್ ಮಾಡಿದರು. ನಾನು ಬಚ್ಚಪ್ಪನ ಮನೆಗೆ ಹೋಗಿ ಜಗಳ ತೆಗೆದೆ. ಮೇಡಂ ಈಸ್ಕೊಂಡಿದ್ದು ನೀನು ನೋಡಿದ್ಯೇನಣ್ಣ ಅಂದೆ. ನೋಡಾದೇನು, ಕೆಲ್ಸ ಆಯ್ತಲ್ಲಮ್ಮ ಅಂದ. ಪಾಪ, ಅವನು ಸುಳ್ಳು ಹೇಳುತ್ತಿಲ್ಲ. ಕೆಲಸ ಆಯಿತು ಅನ್ನೋದೇ ಅವನಿಗೆ ಸಾಕ್ಷಿ. ನೀವು ಕೆಲಸ ಮಾಡದೆ ಅಲೆಸಿದ್ದರೆ ಇವತ್ತು ನಿಮ್ಮ ಮೇಲೆ ಒಂದು ಅರ್ಜಿಯೂ ಇರುತ್ತಿರಲಿಲ್ಲ, ಇದೆಂಥಾ ನ್ಯಾಯ ಹೇಳಿ.

ಇನ್ನು ನಿನ್ನೆಯ ವಿಷಯ. ವಿಚಾರಣೆ ಅಧಿಕಾರಿ ಕೋದಂಡಪ್ಪನವರು ಕೆಟ್ಟವರಲ್ಲ, ಅವರ ಹತ್ತಿರ ಇರುವ ಫಾರಂ ಕೆಟ್ಟದ್ದು. ಪಡೆದ ವಸ್ತು ಯಾವುದು ಅಂತ ಒಂದು ಕಾಲಂ ಇದೆಯಂತೆ, ಗಿಣ್ಣು ಅಂತ ಬರೆದುಕೊಂಡರು. ಅಂದಾಜು ಬೆಲೆ ಎಷ್ಟಮ್ಮ ಅಂದರು. ಗಿಣ್ಣಿಗೆ ನಮ್ಮಲ್ಲಿ ಬೆಲೆ ಕಟ್ಟಲ್ಲ ಸ್ವಾಮಿ ಅಂದೆ. ಏನಾದರೂ ಒಂದು ಹೇಳಲೇಬೇಕು, ಖಾಲಿ ಬಿಡುವ ಹಾಗಿಲ್ಲ ಅಂದರು. ಹಾಗಾದರೆ ಅವರ ತಾಯಿ ಡಬರಿಗೆ ಹಾಕಿದ ಸಕ್ಕರೆ ಕಳೆದು ಬರೆದುಕೊಳ್ಳಿ ಅಂದೆ. ಪಕ್ಕದಲ್ಲಿ ಟೈಪು ಮಾಡುತ್ತಿದ್ದವಳು ಮುಖ ತಿರುಗಿಸಿಕೊಂಡು ನಕ್ಕಳು.

ಆಮೇಲೆ ನೇರವಾಗಿ ಕೇಳಿದರು, ಖಾತೆಗೆ ಯಾರಿಗಾದರೂ ದುಡ್ಡು ಕೊಟ್ಟಿದ್ದೀರಾ ಅಂತ. ಕೊಟ್ಟೆ ಅಂದೆ. ಯಾರಿಗೆ ಅಂದರು. ನನ್ನ ತಮ್ಮ ಮುನಿರಾಜನಿಗೆ ಅಂದೆ. ಮೇಡಂಗೆ ಇದು ಗೊತ್ತೇ ಇರಲಿಲ್ಲ, ನಾನೇ ಅವರ ಬಾಗಿಲಲ್ಲಿ ಬಾಯಿ ಬಿಟ್ಟ ಮೇಲೆ ತಿಳಿದದ್ದು ಅಂದೆ. ಕೊಟ್ಟದ್ದು ನಿಮ್ಮ ಮೇಲೂ ಬರುತ್ತೆ, ಏಳು ದಿನ ಯಾವಾಗಲೋ ದಾಟಿದೆ, ಗೊತ್ತಲ್ಲ ಅಂತ ಎರಡು ಸಲ ಎಚ್ಚರಿಸಿ ಸಹಿ ಹಾಕಿಸಿಕೊಂಡರು. ಕೊನೆಗೆ ಪೆನ್ನು ಮುಚ್ಚಿಟ್ಟು, ಆ ಕಡೆ ಐದು ಜನ, ಈ ಕಡೆ ನೀವೊಬ್ಬರು, ಮೇಡಂಗೆ ಗೊತ್ತಿರಲಿಲ್ಲ ಅನ್ನೋದಕ್ಕೆ ನಿಮ್ಮ ಬಾಯಿಮಾತು ಬಿಟ್ಟರೆ ಇನ್ನೇನಾದರೂ ಇದೆಯಾ, ಶುಕ್ರವಾರ ನಾನು ವರದಿ ಕಳಿಸಬೇಕು, ಹೀಗೇ ಹೋದರೆ ಆ ಹುಡುಗಿಯ ಕೆಲಸ ಉಳಿಯೋದು ಕಷ್ಟ ಅಂದರು. ಏನೂ ಇಲ್ಲ ಸ್ವಾಮಿ ಅಂದು ಎದ್ದು ಬಂದೆ.

ನಿನ್ನೆ ಸಾಯಂಕಾಲ ಹಾಲು ಕರೆಯುವ ಹೊತ್ತಿಗೆ ಮುನಿರಾಜ ಬಂದ. ಕೂಗಾಡಲಿಲ್ಲ. ನನ್ನೆಸ್ರು ಯೋಳ್ಬುಟ್ಯಾ ಅಕ್ಕ ಅಂದ. ಹೂಂ ಕಣೋ ಅಂದೆ. ಬರೀ ಮಾತ್ ತಾನೆ, ನೋಡ್ಕೊಂತೀನಿ ಬಿಡು ಅಂದು, ಕರುವಿನ ತಲೆ ಸವರಿ, ಕಾಫಿ ಕುಡಿಯದೆ ಹೋದ. ಅವನು ನಮ್ಮನೆಯಲ್ಲಿ ಕಾಫಿ ಬಿಟ್ಟು ಹೋಗಿದ್ದು ಇದೇ ಮೊದಲು. ಇವತ್ತು ಬೆಳಿಗ್ಗೆ ತಮ್ಮನ ಹೆಂಡತಿ ನರಸಮ್ಮ ಫೋನು ಮಾಡಿ, ಇನ್ನು ಈ ಕಡೆ ತಲೆ ಹಾಕಬೇಡಿ ಅತ್ತಿಗೆ ಅಂದಳು.

ನಾನು ಏನಾದರೂ ಮಾಡಿಕೊಂಡು ಬದುಕುತ್ತೇನೆ, ನನ್ನ ಚಿಂತೆ ಮಾಡಬೇಡಿ. ಇಷ್ಟಾದರೂ ನಿಮ್ಮ ಮೇಲೆ ನನಗಿರುವುದು ಒಂದೇ, ಕೈ ಮುಗಿಯಬೇಕು ಅನ್ನೋದು. ಬೀರು ಸರಿಸಿದ್ದಕ್ಕೆ, ನನ್ನ ಕೈಗೆ ಫೋನು ಕೊಟ್ಟಿದ್ದಕ್ಕೆ, ಬೇಡ ಅಂದುಕೊಂಡೂ ನನ್ನ ಕಣ್ಣೀರಿಗಾಗಿ ಒಂದು ಚಮಚ ತಿಂದದ್ದಕ್ಕೆ, ನನ್ನ ಮೂರ್ಖತನ ಕೇಳಿಯೂ ನನ್ನನ್ನು ಕೂರಿಸಿ ಮಾತಾಡಿದ್ದಕ್ಕೆ. ನಿಮ್ಮನ್ನು ಕೆಡಿಸಿದ್ದು ನಿಮ್ಮ ಶತ್ರುಗಳಿಗಿಂತ ಹೆಚ್ಚಾಗಿ ನನ್ನ ಪ್ರೀತಿಯೇ, ಅದು ನನಗೆ ಗೊತ್ತಿದೆ. ಆದರೂ ಕಲಾ ಅಮ್ಮನವರಿಗೆ ಹೇಳಿ, ಅವರು ಆವತ್ತು ನನ್ನನ್ನು ಅಕ್ಕ ಅಂದದ್ದನ್ನು ನಾನು ಇರೋವರೆಗೂ ಮರೆಯಲ್ಲ.

ನಿಮ್ಮ ಉಪಕಾರ ಉಂಡವಳು,
ಅಶ್ವತ್ಥಮ್ಮ

ವಿ.ಸೂ: ಬುಧವಾರ ಬೆಳಿಗ್ಗೆ. ಕಾಗದ ಅಂಟಿಸಿ ಇಟ್ಟಿದ್ದೆ, ಕಿತ್ತು ಮತ್ತೆ ಬರೆಯುತ್ತಿದ್ದೇನೆ. ಕೋದಂಡಪ್ಪನವರಿಗೆ ಏನೂ ಇಲ್ಲ ಅಂದದ್ದು ಸುಳ್ಳು. ಯಾವ ಹಾಳಾದವರು ವಿಡಿಯೋ ತೆಗೆದರೋ ಅಂತ ನಿಮಗೆ ಮೇಲೆ ಬರೆದದ್ದೂ ಸುಳ್ಳು. ತೆಗೆಸಿದ್ದು ನಾನೇ. ಗೇಟಿನ ಹತ್ತಿರ ನಿಲ್ಲು, ಮೇಡಂ ನಮ್ಮನೆ ಗಿಣ್ಣು ತಿನ್ನೋದು ಎಲ್ಲರೂ ನೋಡಲಿ ಅಂತ ಕಲ್ಪನಾಳ ಕೈಗೆ ನನ್ನ ಫೋನು ಕೊಟ್ಟಿದ್ದೆ. ಉದ್ದ ಆಯಿತು ಅಂತ ನೀವು ಡಬರಿ ಇಸಿದುಕೊಂಡು ನಗುವ ಅರ್ಧ ನಿಮಿಷ ಮಾತ್ರ ಕತ್ತರಿಸಿ ಬಸ್ಸಿನಲ್ಲೇ ನನ್ನ ಸ್ಟೇಟಸ್ಸಿಗೆ ಹಾಕಿದಳು, ನಾನು ಬೇಡ ಅನ್ನುವ ಸ್ಥಿತಿಯಲ್ಲಿರಲಿಲ್ಲ. ಆ ಕೆಂಪು ಅಕ್ಷರ ಹಾಕಿದವರು ಅಲ್ಲಿಂದಲೇ ಎತ್ತಿಕೊಂಡದ್ದು. ಪೂರ್ತಿ ನಾಲ್ಕು ನಿಮಿಷದ್ದು ನನ್ನ ಫೋನಿನಲ್ಲೇ ಇದೆ. ಮುನಿರಾಜನ ಕೈಲಿ ಕಳಿಸಿದ್ದು ಸೇರಿತಾ ಅಂತ ನಾನು ಕೇಳೋದೂ, ಏನು ಸೇರಿದ್ದು ಅಂತ ನೀವು ಗಾಬರಿಯಾಗೋದೂ ಸ್ಪಷ್ಟವಾಗಿ ಕೇಳುತ್ತೆ. ಸೋಮವಾರ ಅದೇ ಫೋನು ಮಡಿಲಲ್ಲಿ ಇಟ್ಟುಕೊಂಡೇ ಏನೂ ಇಲ್ಲ ಅಂದೆ. ಬಾಯಿಮಾತಾದರೆ ತಮ್ಮ ಹೇಗಾದರೂ ತಪ್ಪಿಸಿಕೊಳ್ಳುತ್ತಾನೆ, ಇದನ್ನು ಕೊಟ್ಟರೆ ಅವನು ತಪ್ಪಿಸಿಕೊಳ್ಳುವ ಹಾಗಿಲ್ಲ, ಅದಕ್ಕೆ. ಈಗ ಒಂಬತ್ತರ ಬಸ್ಸಿಗೆ ಹೊರಟಿದ್ದೇನೆ. ಫೋನನ್ನು ಕೋದಂಡಪ್ಪನವರಿಗೆ ಕೊಟ್ಟು, ಕೊಟ್ಟದ್ದಕ್ಕೆ ಬರವಣಿಗೆ ಇಸಿದುಕೊಂಡ ಮೇಲೆಯೇ ಈ ಕಾಗದ ಟಪಾಲಿಗೆ ಹಾಕುತ್ತೇನೆ. ಇದು ನಿಮ್ಮ ಕೈ ಸೇರಿದೆ ಅಂದರೆ, ನನ್ನ ತಮ್ಮನನ್ನು ನಾನು ಕೊಟ್ಟಾಯಿತು ಅಂತ ತಿಳಿಯಿರಿ.